ಲೆಕ್ಕಕ್ಕೆ ಬಾರದ ಮಾತ್ರೆ

ಅವರು ಬಂದಾಗ ರಾತ್ರಿ ಎಂಟೂವರೆ. ಕ್ಲಿನಿಕ್ಕಿನ ಬಾಗಿಲು ಹಾಕುವ ಹೊತ್ತು. ಹೊರಗಿನ ಬೆಂಚಿನ ಮೇಲೆ ಯಾರೂ ಉಳಿದಿಲ್ಲವೆಂದು ಖಾತ್ರಿಯಾದ ಮೇಲೆಯೇ ಒಳಗೆ ಕಾಲಿಟ್ಟರು. 42 ವರ್ಷ ವಯಸ್ಸು, ಬಸ್ ಚಾಲಕರು, ಡ್ಯೂಟಿ ಮುಗಿಸಿ ಖಾಕಿ ಅಂಗಿಯಲ್ಲೇ ಬಂದಿದ್ದರು. "ತುಂಬಾ ಸುಸ್ತು ಡಾಕ್ಟರೇ, ಒಂದು ಟಾನಿಕ್ ಬರೆದುಕೊಡಿ" ಎಂದರು. ಯಾವಾಗಿನಿಂದ, ಯಾವ ಹೊತ್ತಿನಲ್ಲಿ ಎಂದು ಕೇಳಿದರೆ ಸರಿಯಾದ ಉತ್ತರವಿಲ್ಲ. ಕುರ್ಚಿಯ ಅಂಚಿನಲ್ಲಿ ಕುಳಿತು, ನನ್ನ ಮುಖ ನೋಡದೆ ಮೇಜಿನ ಮೇಲಿದ್ದ ಬಿಪಿ ಉಪಕರಣವನ್ನೇ ನೋಡುತ್ತಿದ್ದರು.

ತಾಲ್ಲೂಕು ಕೇಂದ್ರವೊಂದರಲ್ಲಿ ಇಪ್ಪತ್ತೆರಡು ವರ್ಷ ವೈದ್ಯವೃತ್ತಿ ಮಾಡಿದ ಮೇಲೆ ಇಷ್ಟಂತೂ ಗೊತ್ತಾಗಿದೆ: ಕೊನೆಯ ರೋಗಿ ಹೋಗುವವರೆಗೆ ಕಾದು, ಒಬ್ಬರೇ ಒಳಗೆ ಬಂದು ಟಾನಿಕ್ ಕೇಳುವ ಗಂಡಸಿನ ಮನಸ್ಸಿನಲ್ಲಿ ಬೇರೇನೋ ಇರುತ್ತದೆ. "ಗಂಡ ಹೆಂಡತಿ ಸೇರುವುದಕ್ಕೆ ಏನಾದರೂ ತೊಂದರೆಯಾಗಿದೆಯೇ?" ಎಂದು ನಾನೇ ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ "ಎಂಟು ತಿಂಗಳಾಯಿತು" ಎಂದರು.

ಇದನ್ನು ಬರೆಯುವುದಕ್ಕೆ ಆ ದಂಪತಿಯ ಒಪ್ಪಿಗೆ ಪಡೆದಿದ್ದೇನೆ. ಗುರುತು ಸಿಗಬಹುದಾದ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಕಾಯಿಲೆ, ಮಾತ್ರೆ, ಪರೀಕ್ಷೆಯ ಅಂಕಿಗಳು ಇದ್ದ ಹಾಗೆಯೇ ಇವೆ.

ಮೊದಲ ದಿನ ಅವರು ಹೇಳಿದ್ದು ಇಷ್ಟು. ಮೂರು ವರ್ಷಗಳ ಹಿಂದೆ ವೈದ್ಯಕೀಯ ತಪಾಸಣೆಯಲ್ಲಿ ಬಿಪಿ ಇದೆಯೆಂದು ಗೊತ್ತಾಗಿ, ದಿನಕ್ಕೊಂದು ಅಟೆನೊಲಾಲ್ 50 ಮಿಲಿಗ್ರಾಂ ತೆಗೆದುಕೊಳ್ಳುತ್ತಿದ್ದರು. ಮಧುಮೇಹವಿಲ್ಲ. ಬೀಡಿ ಬಿಟ್ಟು ಆರು ವರ್ಷವಾಗಿತ್ತು. ಕಳೆದ ವರ್ಷದ ದೀಪಾವಳಿಯ ಹೊತ್ತಿಗೆ ನಿಮಿರುವಿಕೆ ಕಡಿಮೆಯಾಗತೊಡಗಿತು; ಯುಗಾದಿಯ ವೇಳೆಗೆ ಪೂರ್ತಿ ಇಲ್ಲವಾಯಿತು. ಅದಕ್ಕಿಂತ ಹೆಚ್ಚಾಗಿ ಅವರನ್ನು ಕಾಡುತ್ತಿದ್ದುದು ಇನ್ನೊಂದು ಸಂಗತಿ. "ಆಗುವುದಿಲ್ಲ ಎನ್ನುವುದು ಒಂದು ಕಡೆ ಇರಲಿ ಡಾಕ್ಟರೇ, ನನಗೆ ಮನಸ್ಸೇ ಬರುವುದಿಲ್ಲ. ಮೊದಲು ನಾನು ಹೀಗಿರಲಿಲ್ಲ."

ಬಸ್ ನಿಲ್ದಾಣದ ಶೌಚಾಲಯದ ಗೋಡೆಗೆ ಅಂಟಿಸಿದ್ದ ಭಿತ್ತಿಪತ್ರ ನೋಡಿ, ತಿಂಗಳಿಗೊಮ್ಮೆ ಲಾಡ್ಜಿಗೆ ಬಂದು ಕೂರುವ "ಗುಪ್ತ ಸಮಸ್ಯೆಗಳ ತಜ್ಞ"ರೊಬ್ಬರ ಹತ್ತಿರ ಹೋಗಿ 6,500 ರೂಪಾಯಿ ಕೊಟ್ಟು ಪುಡಿ ತಂದಿದ್ದರು. ಎರಡು ಸಲ ಗುಣ ಕಂಡಿತಂತೆ, ಜೊತೆಗೆ ವಿಪರೀತ ತಲೆನೋವು, ಮುಖವೆಲ್ಲ ಬಿಸಿ. ಇಂಥ ಪುಡಿಗಳಲ್ಲಿ, ನಿಮಿರುವಿಕೆಗೆಂದು ವೈದ್ಯರು ಬರೆಯುವ ಸಿಲ್ಡೆನಫಿಲ್ ಮಾತ್ರೆಯನ್ನು ಅರೆದು ಬೆರೆಸಿರುವುದು ಹಲವು ಕಡೆ ಪರೀಕ್ಷೆಯಲ್ಲಿ ಪತ್ತೆಯಾಗಿದೆ. ಎದೆನೋವಿಗೆಂದು ನಾಲಗೆಯಡಿ ಇಡುವ ನೈಟ್ರೇಟ್ ಮಾತ್ರೆ ಬಳಸುವವರು ತಿಳಿಯದೆ ಇದನ್ನು ತಿಂದರೆ ರಕ್ತದೊತ್ತಡ ಒಮ್ಮೆಲೇ ಕುಸಿದು ಜೀವಕ್ಕೇ ಅಪಾಯ. ಇವರಿಗೆ ಹೃದಯದ ತೊಂದರೆ ಇರಲಿಲ್ಲವೆನ್ನುವುದೇ ಸಮಾಧಾನ.

ಬಿಪಿ ನೋಡಿದೆ. 168/104. "ಮಾತ್ರೆ ತೆಗೆದುಕೊಳ್ಳುತ್ತಿದ್ದೀರಾ?" ಎಂದರೆ ತಲೆ ತಗ್ಗಿಸಿದರು. ಬಿಪಿ ಮಾತ್ರೆ ತಿಂದರೆ ಗಂಡಸುತನ ಹೋಗುತ್ತದೆಂದು ಡಿಪೋದಲ್ಲಿ ಯಾರೋ ಹೇಳಿದ್ದರಂತೆ. ಹತ್ತು ದಿನಗಳ ಹಿಂದೆ ಯಾರಿಗೂ ತಿಳಿಸದೆ ನಿಲ್ಲಿಸಿಬಿಟ್ಟಿದ್ದರು. ಐವತ್ತು ಜನರನ್ನು ಕೂರಿಸಿಕೊಂಡು ಘಾಟಿ ಇಳಿಯುವ ಮನುಷ್ಯ. ಅಟೆನೊಲಾಲ್‌ನಂಥ ಮಾತ್ರೆಯನ್ನು ಏಕಾಏಕಿ ಬಿಟ್ಟರೆ ನಾಡಿ ಮತ್ತು ಒತ್ತಡ ಎರಡೂ ಜಿಗಿಯುತ್ತವೆ. ಹೃದಯದ ರಕ್ತನಾಳ ಕಟ್ಟಿಕೊಂಡಿರುವವರಿಗೆ ಹೃದಯಾಘಾತವೂ ಆಗಬಹುದು. ಆ ರಾತ್ರಿ ನನಗೆ ನಿಜಕ್ಕೂ ಭಯವಾಯಿತು.

"ಬೇರೆ ಯಾವ ಔಷಧಿ ತೆಗೆದುಕೊಳ್ಳುತ್ತಿದ್ದೀರಿ?" ಎಂದು ಕೇಳಿದೆ.

"ಬಿಪಿಯದು ಬಿಟ್ಟರೆ ಬೇರೇನೂ ಇಲ್ಲ."

ನಾನು ಅದನ್ನು ಹಾಗೆಯೇ ಬರೆದುಕೊಂಡೆ. ಈ ಪ್ರಕರಣದಲ್ಲಿ ನಾನು ಮಾಡಿದ ತಪ್ಪು ಅದೇ.

ಡಿಪೋದವರ ಮಾತಿನಲ್ಲಿ ಸತ್ಯವೇ ಇಲ್ಲವೆನ್ನಲಾಗದು. ಅಟೆನೊಲಾಲ್, ಪ್ರೊಪ್ರನೊಲಾಲ್‌ನಂಥ ಬೀಟಾ ಬ್ಲಾಕರ್‌ಗಳು, ಮೂತ್ರ ಹೆಚ್ಚಿಸುವ ಥಯಾಜೈಡ್ ಮಾತ್ರೆಗಳು ಕೆಲವರಲ್ಲಿ ನಿಮಿರುವಿಕೆಯನ್ನು ಕುಂದಿಸುತ್ತವೆ. ಆದರೆ ಎಷ್ಟು ಜನರಲ್ಲಿ ಎನ್ನುವುದಕ್ಕೆ 2003ರಲ್ಲಿ ಇಟಲಿಯ ವೈದ್ಯರು ಪ್ರಕಟಿಸಿದ ಒಂದು ಅಧ್ಯಯನ ನನಗೆ ಯಾವಾಗಲೂ ನೆನಪಾಗುತ್ತದೆ. 96 ಗಂಡಸರಿಗೆ ಅಟೆನೊಲಾಲ್ ಕೊಟ್ಟು ಅವರನ್ನು ಮೂರು ಗುಂಪು ಮಾಡಿದರು. ಯಾವ ಮಾತ್ರೆಯೆಂದೇ ಹೇಳದಿದ್ದ ಗುಂಪಿನಲ್ಲಿ ತೊಂದರೆ ಹೇಳಿಕೊಂಡವರು ಶೇ 3.1. ಮಾತ್ರೆಯ ಹೆಸರು ಮಾತ್ರ ತಿಳಿಸಿದ್ದ ಗುಂಪಿನಲ್ಲಿ ಶೇ 15.6. ಇದರಿಂದ ನಿಮಿರುವಿಕೆಗೆ ತೊಂದರೆಯಾಗಬಹುದು ಎಂದೂ ಹೇಳಿದ್ದ ಗುಂಪಿನಲ್ಲಿ ಶೇ 31.2. ಮಾತ್ರೆ ಅದೇ, ಪ್ರಮಾಣವೂ ಅದೇ. ಕಿವಿಗೆ ಬಿದ್ದ ಮಾತಿನಿಂದ ತೊಂದರೆ ಹತ್ತು ಪಟ್ಟಾಯಿತು. ಇದರರ್ಥ ರೋಗಿಗೆ ಏನೂ ಹೇಳಬಾರದು ಎಂದಲ್ಲ. ಹೆದರಿಕೆಯೂ ದೇಹದ ಮೇಲೆ ನಿಜವಾದ ಪರಿಣಾಮ ಮಾಡುತ್ತದೆ, ಹೇಳುವಾಗ ಹೇಗೆ ಹೇಳುತ್ತೇವೆ ಎನ್ನುವುದೂ ಚಿಕಿತ್ಸೆಯ ಭಾಗ ಎಂದು ನಾನು ಅದನ್ನು ಅರ್ಥ ಮಾಡಿಕೊಂಡಿದ್ದೇನೆ.

ನಾನು ಅಟೆನೊಲಾಲ್ ಬದಲು ಟೆಲ್ಮಿಸಾರ್ಟನ್ 40 ಮಿಲಿಗ್ರಾಂ ಬರೆದೆ. ಆ ವರ್ಗದ ಮಾತ್ರೆಗಳಿಂದ ಲೈಂಗಿಕ ತೊಂದರೆ ಬಹಳ ಅಪರೂಪ. ಆರು ವಾರ ಬಿಟ್ಟು ಬರಲು ಹೇಳಿದೆ. ಸಕ್ಕರೆ, ಥೈರಾಯ್ಡ್ ಪರೀಕ್ಷೆ ಮಾಡಿಸಿದೆ, ಎರಡೂ ಸರಿಯಿದ್ದವು. ಕಾರಣ ಸಿಕ್ಕಿತೆಂದೇ ನಂಬಿದ್ದೆ.

ಆರು ವಾರಗಳ ನಂತರ ಬಿಪಿ 134/86. ಉಳಿದದ್ದೆಲ್ಲ ಹಾಗೆಯೇ ಇತ್ತು.

ಆಗ ನಾನು ಮೊದಲೇ ಕೇಳಬೇಕಿದ್ದ ಪ್ರಶ್ನೆ ಕೇಳಿದೆ: ಬೆಳಗಿನ ಜಾವ ಎಚ್ಚರವಾದಾಗ ತಾನಾಗಿಯೇ ನಿಮಿರಿರುತ್ತದೆಯೇ? ಗಂಡಸಿಗೆ ನಿದ್ರೆಯಲ್ಲಿ ಹಲವು ಬಾರಿ ತಾನಾಗಿಯೇ ನಿಮಿರುವಿಕೆ ಆಗುತ್ತದೆ. ಕೇವಲ ಆತಂಕದಿಂದಾದ ತೊಂದರೆಯಾಗಿದ್ದರೆ ಇದು ಸಾಮಾನ್ಯವಾಗಿ ಉಳಿದಿರುತ್ತದೆ. ಅವರು ಯೋಚಿಸಿ, "ಅದನ್ನು ಕಂಡು ಬಹಳ ದಿನವಾಯಿತು" ಎಂದರು. ಬನಿಯನ್ ಉಜ್ಜಿದರೂ ಮೊಲೆತೊಟ್ಟು ನೋಯುತ್ತದೆ ಎಂದೂ ಹೇಳಿದರು. ಅದನ್ನು ಇಷ್ಟು ದಿನ ಹೇಳಿರಲಿಲ್ಲ, ಅದಕ್ಕೂ ಇದಕ್ಕೂ ಸಂಬಂಧವಿದೆಯೆಂದು ಅವರಿಗೆ ಹೊಳೆಯುವುದಾದರೂ ಹೇಗೆ? ಆಸೆಯೇ ಬತ್ತಿಹೋಗಿದೆ, ಬೆಳಗಿನ ನಿಮಿರುವಿಕೆ ಇಲ್ಲ, ಮೊಲೆತೊಟ್ಟು ನೋಯುತ್ತದೆ. ಇದು ಹಾರ್ಮೋನಿನ ವಿಷಯ.

ರಕ್ತಪರೀಕ್ಷೆಯ ಚೀಟಿ ಬರೆದು, ಓದಿಕೊಳ್ಳಿ ಎಂದು ಕೊಟ್ಟೆ. ಕನ್ನಡಕ ತೆಗೆಯಲು ಅಂಗಿಯ ಜೇಬಿಗೆ ಕೈ ಹಾಕಿದರು. ಕನ್ನಡಕದ ಜೊತೆ ಮಧ್ಯಕ್ಕೆ ಮಡಿಚಿದ್ದ ಮಾತ್ರೆಯ ಪಟ್ಟಿಯೊಂದು ಮೇಜಿನ ಮೇಲೆ ಬಿತ್ತು. ಹತ್ತು ಕ್ಯಾಪ್ಸೂಲುಗಳ ಪಟ್ಟಿ, ನಾಲ್ಕು ಉಳಿದಿದ್ದವು. ಅದನ್ನು ಎತ್ತಿಕೊಳ್ಳಲು ಕೈ ಚಾಚಿದಾಗ ಇನ್ನೊಂದನ್ನೂ ಕಂಡೆ: ತೊಡೆಯ ಮೇಲೆ ಸುಮ್ಮನೆ ಇಟ್ಟಿದ್ದ ಅವರ ಎಡಗೈಯ ಹೆಬ್ಬೆರಳು ಸಣ್ಣಗೆ ನಡುಗುತ್ತಿತ್ತು.

"ಇದೇನು?"

"ಅದು ಔಷಧಿಯಲ್ಲ ಡಾಕ್ಟರೇ, ಗ್ಯಾಸ್ ಮಾತ್ರೆ."

ಪಟ್ಟಿಯ ಹಿಂಬದಿ ಓದಿದೆ. ರಾಬೆಪ್ರಜೋಲ್ 20 ಮಿಲಿಗ್ರಾಂ, ಲಿವೊಸಲ್ಪಿರೈಡ್ 75 ಮಿಲಿಗ್ರಾಂ.

ಹದಿನಾಲ್ಕು ತಿಂಗಳ ಹಿಂದೆ ಬೇರೆ ಊರಿನ ವೈದ್ಯರೊಬ್ಬರು ಹೊಟ್ಟೆಯುಬ್ಬರಕ್ಕೆಂದು ಅದನ್ನು ಬರೆದಿದ್ದರು. ಚೀಟಿ ಇನ್ನೂ ಅವರ ಪರ್ಸಿನಲ್ಲಿತ್ತು, ಮಡಿಕೆಯ ಜಾಗದಲ್ಲಿ ಹರಿದು ಅಂಟುಪಟ್ಟಿ ಹಾಕಿದ್ದರು. "15 ದಿನ" ಎಂದು ಸ್ಪಷ್ಟವಾಗಿ ಬರೆದಿತ್ತು. ಹೊಟ್ಟೆ ಹಗುರವಾಯಿತು, ಹಾಗಾಗಿ ಮುಂದುವರಿಸಿದರು. ಬೆಳಗ್ಗೆ ಐದೂವರೆಗೆ ಬಸ್ ತೆಗೆಯುವ ಮುನ್ನ ಒಂದು ಕ್ಯಾಪ್ಸೂಲು, ಮೇಲೊಂದು ಲೋಟ ಕಾಫಿ. ಔಷಧಿ ಅಂಗಡಿಯಲ್ಲಿ ಚೀಟಿ ತೋರಿಸಿದರೂ ಕೊಡುತ್ತಿದ್ದರು, ತೋರಿಸದಿದ್ದರೂ ಕೊಡುತ್ತಿದ್ದರು.

ಈ ಕ್ಯಾಪ್ಸೂಲಿನಲ್ಲಿರುವ ರಾಬೆಪ್ರಜೋಲ್ ಹೊಟ್ಟೆಯ ಆಮ್ಲವನ್ನು ತಗ್ಗಿಸುತ್ತದೆ. ನಮ್ಮ ಪ್ರಕರಣಕ್ಕೆ ಮುಖ್ಯವಾದದ್ದು ಎರಡನೆಯದು. ಲಿವೊಸಲ್ಪಿರೈಡ್ ಎನ್ನುವುದು ಸಲ್ಪಿರೈಡ್ ಎಂಬ ಮಾನಸಿಕ ಕಾಯಿಲೆಯ ಔಷಧಿಯ ಒಡಹುಟ್ಟು. ಅದು ಡೋಪಮಿನ್ ಎಂಬ ರಾಸಾಯನಿಕದ ಕೆಲಸವನ್ನು ತಡೆಯುತ್ತದೆ. ಜಠರದಲ್ಲಿ ಹಾಗೆ ತಡೆದಾಗ ಆಹಾರ ಬೇಗ ಕೆಳಗಿಳಿಯುತ್ತದೆ, ಉಬ್ಬರ ಕಡಿಮೆಯಾಗುತ್ತದೆ. ಆದರೆ ನುಂಗಿದ ಔಷಧಿ ಜಠರದಲ್ಲೇ ನಿಲ್ಲುವುದಿಲ್ಲ. ಮಿದುಳಿನ ಬುಡದಲ್ಲಿ ಕಡಲೆಕಾಳಿನಷ್ಟಿರುವ ಪಿಟ್ಯುಟರಿ ಗ್ರಂಥಿ ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನನ್ನು ಸುರಿಸುತ್ತದೆ. ಬಾಣಂತಿಗೆ ಹಾಲು ಬರಿಸುವ ಹಾರ್ಮೋನ್ ಅದೇ. ಗಂಡಸಿನಲ್ಲೂ ಅದು ಇದೆ, ಅಲ್ಪ ಪ್ರಮಾಣದಲ್ಲಿ. ಅದು ಮಿತಿಮೀರದಂತೆ ಹಗಲೂ ರಾತ್ರಿ ಲಗಾಮು ಹಿಡಿದಿರುವುದು ಡೋಪಮಿನ್. ಲಗಾಮು ಸಡಿಲವಾದರೆ ಪ್ರೊಲ್ಯಾಕ್ಟಿನ್ ಏರುತ್ತದೆ. ಅದು ಏರಿದಾಗ ವೃಷಣಕ್ಕೆ, ಹೆಂಗಸರಲ್ಲಿ ಅಂಡಾಶಯಕ್ಕೆ, ಮಿದುಳಿನಿಂದ ಹೋಗಬೇಕಾದ ಸಂದೇಶ ಕ್ಷೀಣಿಸುತ್ತದೆ. ಗಂಡಸುತನದ ಹಾರ್ಮೋನಾದ ಟೆಸ್ಟೋಸ್ಟೆರಾನ್ ಇಳಿಯುತ್ತದೆ, ಆಸೆ ಆರುತ್ತದೆ. ಹೆಬ್ಬೆರಳಿನ ನಡುಕಕ್ಕೂ ಇದೇ ವಿವರಣೆ: ಚಲನೆಯನ್ನು ನಿಯಂತ್ರಿಸುವ ಮಿದುಳಿನ ಭಾಗದಲ್ಲೂ ಡೋಪಮಿನ್ ಬೇಕು, ಅಲ್ಲಿ ತಡೆಯುಂಟಾದರೆ ಪಾರ್ಕಿನ್ಸನ್ ಕಾಯಿಲೆಯಂಥ ನಡುಕ ಬರುತ್ತದೆ.

ಅಮೆರಿಕದಲ್ಲಿ ಲಿವೊಸಲ್ಪಿರೈಡ್ ಬಳಕೆಗೆ ಅನುಮತಿಯೇ ಇಲ್ಲ. ನಮ್ಮಲ್ಲಿ ಆಮ್ಲ ತಗ್ಗಿಸುವ ಮಾತ್ರೆಯೊಂದಿಗೆ ಬೆರೆಸಿದ ಹತ್ತಾರು ಬ್ರಾಂಡುಗಳು ಸಿಗುತ್ತವೆ. ವಾಂತಿಗೆ, ಉಬ್ಬರಕ್ಕೆ ಕೊಡುವ ಡೊಂಪೆರಿಡೋನ್, ಮೆಟೊಕ್ಲೊಪ್ರಮೈಡ್ ಕೂಡ ಪ್ರೊಲ್ಯಾಕ್ಟಿನ್ ಏರಿಸುತ್ತವೆ. ಕೆಲವು ದಿನಗಳ ಮಟ್ಟಿಗೆ ಇವುಗಳಿಂದ ಹೆಚ್ಚಿನವರಿಗೆ ಏನೂ ಆಗುವುದಿಲ್ಲ. ನಾನೂ ಬರೆದಿದ್ದೇನೆ. ಹದಿನೈದು ದಿನ ಎಂದು ಬರೆದು, ರೋಗಿ ನಿಜಕ್ಕೂ ನಿಲ್ಲಿಸಿದರೇ ಎಂದು ಆಮೇಲೆ ಕೇಳದೆ ಬಿಟ್ಟಿದ್ದೇನೆ. ಆ ರಾತ್ರಿ ಮನೆಗೆ ಹೋದ ಮೇಲೆ ಅದನ್ನೇ ಯೋಚಿಸುತ್ತ ಬಹಳ ಹೊತ್ತು ಕುಳಿತಿದ್ದೆ.

ವಾರದ ರಜೆಯ ದಿನ, ಚೆನ್ನಾಗಿ ನಿದ್ರೆ ಮಾಡಿ ಎದ್ದ ಮೇಲೆ, ಬೆಳಗ್ಗೆ ಎಂಟೂವರೆಗೆ ರಕ್ತ ಕೊಡಿಸಿದೆ. ಟೆಸ್ಟೋಸ್ಟೆರಾನ್ ಬೆಳಗ್ಗೆ ಹೆಚ್ಚಿರುತ್ತದೆ, ಸಂಜೆ ಅಳೆದರೆ ಸುಳ್ಳು ಅಂಕಿ ಸಿಗುತ್ತದೆ; ಪ್ರೊಲ್ಯಾಕ್ಟಿನ್ ಶ್ರಮ ಮತ್ತು ಒತ್ತಡದಿಂದ ಏರುತ್ತದೆ. ವರದಿ ಬಂತು: ಪ್ರೊಲ್ಯಾಕ್ಟಿನ್ ಮಿಲಿಲೀಟರಿಗೆ 86 ನ್ಯಾನೊಗ್ರಾಂ. ಗಂಡಸರಲ್ಲಿ ಅದು ಹೆಚ್ಚೆಂದರೆ 15ರಿಂದ 20ರ ಒಳಗಿರಬೇಕು. ಟೆಸ್ಟೋಸ್ಟೆರಾನ್ ಡೆಸಿಲೀಟರಿಗೆ 210 ನ್ಯಾನೊಗ್ರಾಂ, ಕನಿಷ್ಠ ಇರಬೇಕಾದ 300ಕ್ಕಿಂತ ಕಡಿಮೆ.

ಇಷ್ಟು ಏರಿದ ಪ್ರೊಲ್ಯಾಕ್ಟಿನ್ ಕಂಡಾಗ ಪಿಟ್ಯುಟರಿಯಲ್ಲಿ ಗಡ್ಡೆ ಇದೆಯೇ ಎಂಬ ಶಂಕೆ ಸಹಜ. ಎಂಆರ್‌ಐ ಮಾಡಿಸಲು ಜಿಲ್ಲಾ ಕೇಂದ್ರಕ್ಕೆ ಹೋಗಬೇಕು, ಖರ್ಚೂ ಕಡಿಮೆಯಲ್ಲ. ಆದರೆ ಮಾತ್ರೆಯಿಂದ ಏರಿದ್ದಾದರೆ ಅದನ್ನು ನಿಲ್ಲಿಸಿ ಮೂರು ದಿನ ಕಳೆದರೆ ಸಾಕು, ಇಳಿದಿರುವುದು ಪರೀಕ್ಷೆಯಲ್ಲಿ ಕಾಣುತ್ತದೆ. ಕ್ಯಾಪ್ಸೂಲು ನಿಲ್ಲಿಸಿದೆವು. ಒಂದು ವಾರದ ನಂತರ ಪ್ರೊಲ್ಯಾಕ್ಟಿನ್ 12. ಸ್ಕ್ಯಾನ್ ಬೇಕಾಗಲಿಲ್ಲ. ಅಂಕಿ ಇಳಿಯದೇ ಇದ್ದಿದ್ದರೆ ಖಂಡಿತ ಕಳುಹಿಸುತ್ತಿದ್ದೆ.

ಈ ನಡುವೆ ಡಿಪೋದ ಗೆಳೆಯರೊಬ್ಬರು ಅವರಿಗೆ ಟೆಸ್ಟೋಸ್ಟೆರಾನ್ ಇಂಜೆಕ್ಷನ್ ಹಾಕಿಸಿಕೊಳ್ಳಲು ಹೇಳಿದ್ದರಂತೆ. ಬೇಡವೆಂದೆ. ಕಾರಣ ತೆಗೆದರೆ ದೇಹವೇ ಅದನ್ನು ತಯಾರಿಸಿಕೊಳ್ಳುತ್ತದೆ; ಹೊರಗಿನಿಂದ ಕೊಟ್ಟರೆ ವೃಷಣ ತನ್ನ ಕೆಲಸ ನಿಲ್ಲಿಸುತ್ತದೆ, ವೀರ್ಯಾಣುಗಳ ಉತ್ಪತ್ತಿಯೂ ಕುಸಿಯುತ್ತದೆ.

ಮೂರನೆಯ ಭೇಟಿಗೆ ಹೆಂಡತಿಯನ್ನೂ ಕರೆತರಲು ಹೇಳಿದ್ದೆ. 36ರ ಹೆಣ್ಣುಮಗಳು, ಮಾತು ಕಡಿಮೆ. ಗಂಡನ ವರದಿ ಬಿಡಿಸಿ ತೋರಿಸಿ, ಇದು ನಿಮ್ಮ ಮೇಲಿನ ಬೇಸರವಲ್ಲ, ಇವರ ನಡತೆಯ ದೋಷವಲ್ಲ, ಈ ಕ್ಯಾಪ್ಸೂಲಿನ ಪರಿಣಾಮ ಎಂದು ವಿವರಿಸಿದೆ. ಅವರು ವರದಿಯನ್ನು ನೋಡಲೇ ಇಲ್ಲ, ಗಂಡನ ಮುಖ ನೋಡಿದರು. "ವಾರದಲ್ಲಿ ಮೂರು ರಾತ್ರಿ ಇವರಿಗೆ ನೈಟ್ ಹಾಲ್ಟ್ ಇರುತ್ತದೆ. ಎಲ್ಲೋ ಯಾರನ್ನೋ ಇಟ್ಟುಕೊಂಡಿದ್ದಾರೆ ಎಂದೇ ನಾನು ತಿಳಿದಿದ್ದೆ" ಎಂದರು. ಗಂಡ ಏನೂ ಹೇಳಲಿಲ್ಲ. ಚೀಟಿಯನ್ನು ಮಡಿಚಿ ಜೇಬಿಗಿಟ್ಟುಕೊಂಡು, ಹಣ ಕೊಡಲು ಹೊರಗೆ ಎದ್ದುಹೋದರು.

ಗಂಡ ಬಾಗಿಲು ದಾಟುತ್ತಲೇ ಆಕೆ ಸೀರೆಯ ಸೆರಗನ್ನು ಎಳೆದುಕೊಂಡು, ದನಿ ತಗ್ಗಿಸಿ ಕೇಳಿದರು: "ಸರ್, ಆ ಮಾತ್ರೆ ಹೆಂಗಸರಿಗೂ ಹೀಗೆ ಮಾಡುತ್ತದೆಯೇ?"

ಎದೆಯುರಿ ಬಂದಾಗಲೆಲ್ಲ ಅಡುಗೆಮನೆಯ ಡಬ್ಬಿಯಲ್ಲಿದ್ದ ಗಂಡನ ಪಟ್ಟಿಯಿಂದಲೇ ಆಕೆಯೂ ಒಂದೊಂದು ನುಂಗುತ್ತಿದ್ದರು. ಮೊದಲು ಅಪರೂಪಕ್ಕೆ, ಕಳೆದ ಐದು ತಿಂಗಳಿಂದ ಹೆಚ್ಚುಕಡಿಮೆ ದಿನವೂ. ಮುಟ್ಟು ನಿಂತು ಮೂರು ತಿಂಗಳಾಗಿತ್ತು. ಪಕ್ಕದ ಮನೆಯವರು "ಕೆಲವರಿಗೆ ಬೇಗ ನಿಲ್ಲುತ್ತದೆ" ಎಂದು ಸಮಾಧಾನ ಹೇಳಿದ್ದರು. ಸ್ನಾನ ಮಾಡುವಾಗ ಎದೆಯಿಂದ ಒಂದೆರಡು ಹನಿ ಹಾಲು ಬರುತ್ತಿತ್ತು. ಕೊನೆಯ ಮಗುವಿಗೆ ಹತ್ತು ವರ್ಷ. ಕ್ಯಾನ್ಸರ್ ಇರಬಹುದೆಂದು ಹೆದರಿ, ಯಾರಿಗೂ ಹೇಳದೆ, ರವಿಕೆಯೊಳಗೆ ಹತ್ತಿಬಟ್ಟೆ ಇಟ್ಟುಕೊಂಡು ಓಡಾಡುತ್ತಿದ್ದರು.

"ಇವರಿಗೆ ಬೇಡವಾಗಿತ್ತು. ನನಗೂ ಬೇಡವಾಗಿತ್ತು. ನನ್ನದು ಇವರ ಮೇಲಿನ ಸಿಟ್ಟಿನಿಂದ ಎಂದುಕೊಂಡಿದ್ದೆ."

ಮುಟ್ಟು ನಿಂತ ಯಾವ ಹೆಣ್ಣಿನಲ್ಲೂ ಮೊದಲು ಗರ್ಭಿಣಿಯೇ ಎಂದು ನೋಡಬೇಕು, ನೋಡಿದೆವು, ಅಲ್ಲ. ಥೈರಾಯ್ಡ್ ಸರಿಯಿತ್ತು. ಪ್ರೊಲ್ಯಾಕ್ಟಿನ್ 112. ಹೆಂಗಸರಿಗೆ 25ರ ಆಸುಪಾಸು ಮಿತಿ. ಮಾತ್ರೆ ನಿಲ್ಲಿಸಿ ಹತ್ತು ದಿನಕ್ಕೆ ಅದು 17ಕ್ಕೆ ಇಳಿಯಿತು. ಐದು ವಾರಕ್ಕೆ ಮುಟ್ಟು ಬಂತು.

ಆ ಪಟ್ಟಿಗಳನ್ನು ಕೊಡುತ್ತಿದ್ದ ಅಂಗಡಿಯವರೊಂದಿಗೆ ಮಾತನಾಡಿದೆ. ಒಳ್ಳೆಯ ಮನುಷ್ಯ, ಬಡವರಿಗೆ ಸಾಲ ಕೊಡುವವರು. "ಗ್ಯಾಸ್ ಮಾತ್ರೆ ತಾನೇ ಸರ್" ಎಂದರು. ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲ ಎಂದು ಪಟ್ಟಿಯ ಹಿಂದೆ ಸಣ್ಣಕ್ಷರದಲ್ಲಿ ಅಚ್ಚಾಗಿರುವುದನ್ನು ತೋರಿಸಿದೆ. ಬರೆದ ವೈದ್ಯರು ಮರಳಿ ಕೇಳಲಿಲ್ಲ, ಮಾರಿದವರು ಕೇಳಲಿಲ್ಲ, ಕೇಳಿದ ನಾನು ಸರಿಯಾದ ಮಾತಿನಲ್ಲಿ ಕೇಳಲಿಲ್ಲ. "ಔಷಧಿ" ಎಂದಾಗ ನಮ್ಮ ಜನರಿಗೆ ನೆನಪಾಗುವುದು ಕಾಯಿಲೆಯ ಮಾತ್ರೆ. ಗ್ಯಾಸಿನದು, ನಿದ್ರೆಯದು, ನೋವಿನದು, ಕೂದಲು ಉದುರುವುದಕ್ಕೆ ತೆಗೆದುಕೊಳ್ಳುವುದು ಆ ಲೆಕ್ಕಕ್ಕೆ ಬರುವುದಿಲ್ಲ. ಕೂದಲಿಗೆ ಕೊಡುವ ಫಿನಾಸ್ಟರೈಡ್ ಕೆಲವರಲ್ಲಿ ಆಸೆ ಕುಂದಿಸುತ್ತದೆ. ತಿಂಗಳುಗಟ್ಟಲೆ ನುಂಗಿದ ಟ್ರಮಡಾಲ್‌ನಂಥ ನೋವಿನ ಮಾತ್ರೆ ಟೆಸ್ಟೋಸ್ಟೆರಾನ್ ಇಳಿಸಬಹುದು. ಹೃದಯ, ಪಿತ್ತಜನಕಾಂಗದ ತೊಂದರೆಗೆ ಕೊಡುವ ಸ್ಪೈರೊನೊಲ್ಯಾಕ್ಟೋನ್ ಕೆಲವು ಗಂಡಸರ ಎದೆ ಊದಿಸುತ್ತದೆ.

ಕೇಳುವುದರ ಮಹತ್ವ ಖಿನ್ನತೆಯ ಮಾತ್ರೆಗಳ ವಿಷಯದಲ್ಲಿ ಇನ್ನೂ ಸ್ಪಷ್ಟವಾಗುತ್ತದೆ. ಸರ್ಟ್ರಲಿನ್, ಪ್ಯಾರಾಕ್ಸೆಟಿನ್, ಫ್ಲೂಆಕ್ಸೆಟಿನ್ ಮುಂತಾದವು ಸ್ಖಲನವನ್ನು ತಡವಾಗಿಸುತ್ತವೆ, ಹೆಣ್ಣು ಗಂಡು ಇಬ್ಬರಲ್ಲೂ ಸುಖದ ತುದಿಯನ್ನು ಮುಟ್ಟಗೊಡುವುದಿಲ್ಲ. 1997ರಲ್ಲಿ ಪ್ರಕಟವಾದ ಸ್ಪೇನಿನ ಅಧ್ಯಯನವೊಂದರಲ್ಲಿ ಇಂಥ ಮಾತ್ರೆ ಸೇವಿಸುತ್ತಿದ್ದ 344 ಜನರಲ್ಲಿ ತಾವಾಗಿಯೇ ತೊಂದರೆ ಹೇಳಿಕೊಂಡವರು ಶೇ 14. ವೈದ್ಯರು ನೇರವಾಗಿ ಕೇಳಿದಾಗ ಹೌದೆಂದವರು ಶೇ 58. ಮಾತು ಸಲೀಸಾಗಿ ಆಡುವ ನಾಡಿನಲ್ಲೇ ಹೀಗಾದರೆ, ಬೆಂಚು ಖಾಲಿಯಾಗುವವರೆಗೆ ಕತ್ತಲಲ್ಲಿ ಕಾಯುವ ನಮ್ಮವರ ಗತಿಯೇನು?

ಇಲ್ಲಿ ಒಂದು ಮಾತು ಕಡ್ಡಾಯವಾಗಿ ಹೇಳಲೇಬೇಕು. ಇದನ್ನು ಓದಿ ಯಾರೂ ಖಿನ್ನತೆಯ ಮಾತ್ರೆಯನ್ನಾಗಲಿ, ರಿಸ್ಪೆರಿಡೋನ್‌ನಂಥ ಮಾನಸಿಕ ಕಾಯಿಲೆಯ ಮಾತ್ರೆಯನ್ನಾಗಲಿ, ಬಿಪಿ ಮಾತ್ರೆಯನ್ನಾಗಲಿ ತಾವೇ ನಿಲ್ಲಿಸಬೇಡಿ. ರಿಸ್ಪೆರಿಡೋನ್ ಕೂಡ ಪ್ರೊಲ್ಯಾಕ್ಟಿನ್ ಏರಿಸುತ್ತದೆ, ನಿಜ. ಆದರೆ ಅದನ್ನು ಪರೀಕ್ಷೆಗೆಂದು ಮೂರು ದಿನ ನಿಲ್ಲಿಸುವುದನ್ನೂ ಮನೋವೈದ್ಯರನ್ನು ಕೇಳದೆ ಮಾಡುವಂತಿಲ್ಲ. ಕಾಯಿಲೆ ಮರುಕಳಿಸಿದರೆ ಕಳೆದುಕೊಳ್ಳುವುದು ಬಹಳ. ಪ್ರಮಾಣ ತಗ್ಗಿಸಬಹುದು, ಅರಿಪಿಪ್ರಜೋಲ್‌ನಂಥ ಬೇರೆ ಮಾತ್ರೆಗೆ ಬದಲಿಸಬಹುದು. ದಾರಿಗಳಿವೆ, ಹೇಳಿಕೊಂಡರೆ ಮಾತ್ರ ಅವು ತೆರೆಯುತ್ತವೆ. ನನ್ನ ರೋಗಿಗೆ ಕ್ಯಾಪ್ಸೂಲನ್ನು ಒಮ್ಮೆಲೇ ನಿಲ್ಲಿಸಲು ಸಾಧ್ಯವಾದದ್ದು ಅದು ಅವರಿಗೆ ಬೇಕಾಗಿಯೇ ಇರಲಿಲ್ಲವಾದ್ದರಿಂದ.

ಹೊಟ್ಟೆಯುಬ್ಬರದ ಮೂಲ ಅವರ ದಿನಚರಿಯಲ್ಲಿತ್ತು. ಬೆಳಗ್ಗೆ ಬರೀ ಕಾಫಿ, ಹನ್ನೊಂದಕ್ಕೆ ಹೋಟೆಲಿನ ಎರಡು ವಡೆ, ಮಧ್ಯಾಹ್ನದ ಊಟ ಮೂರೂವರೆಗೆ, ರಾತ್ರಿ ಹತ್ತಕ್ಕೆ ಹೊಟ್ಟೆ ತುಂಬ ಉಂಡು ಮರುಕ್ಷಣ ಮಲಗುವುದು. ತೂಕ ಇಳಿದಿರಲಿಲ್ಲ, ನುಂಗಲು ತೊಂದರೆಯಿರಲಿಲ್ಲ, ರಕ್ತಹೀನತೆಯೂ ಇರಲಿಲ್ಲ, ಆದ್ದರಿಂದ ಎಂಡೋಸ್ಕೋಪಿಗೆ ಅವಸರ ಮಾಡಲಿಲ್ಲ. ನಾಲ್ಕು ವಾರ ಬರೀ ಆಮ್ಲ ತಗ್ಗಿಸುವ ಪ್ಯಾಂಟೊಪ್ರಜೋಲ್ ಕೊಟ್ಟು, ಆಮೇಲೆ ಅದನ್ನೂ ಹಂತಹಂತವಾಗಿ ನಿಲ್ಲಿಸಿದೆ. ಹೆಂಡತಿ ಬೆಳಗ್ಗೆ ಎರಡು ರಾಗಿ ರೊಟ್ಟಿ ಕಟ್ಟಿಕೊಡತೊಡಗಿದರು. ಮೊದಲ ಎರಡು ವಾರ ಎದೆಯುರಿ ಕಾಡಿತು, ಮತ್ತೆ ಆ ಪಟ್ಟಿ ತರಲೇ ಎಂದು ಎರಡು ಸಲ ಫೋನ್ ಮಾಡಿದ್ದರು.

ಮೂರನೆಯ ವಾರ ಬೆಳಗಿನ ನಿಮಿರುವಿಕೆ ಮರಳಿತು. ಆರು ವಾರಕ್ಕೆ ಟೆಸ್ಟೋಸ್ಟೆರಾನ್ 412. ದೇಹ ಸರಿಹೋದಷ್ಟು ಬೇಗ ಉಳಿದದ್ದು ಸರಿಹೋಗಲಿಲ್ಲ. ಎಂಟು ತಿಂಗಳು ಒಂದೇ ಕೋಣೆಯಲ್ಲಿ ಬೆನ್ನು ಮಾಡಿ ಮಲಗಿದ್ದವರು. ಆಕೆ ಮನಸ್ಸಿನಲ್ಲೇ ಒಬ್ಬ ಸವತಿಯನ್ನು ಕಲ್ಪಿಸಿಕೊಂಡು ಅಳುತ್ತಿದ್ದರು, ಅವರು ಸೋಲುವ ಭಯಕ್ಕೆ ನೈಟ್ ಹಾಲ್ಟನ್ನು ಕೇಳಿ ಹಾಕಿಸಿಕೊಳ್ಳುತ್ತಿದ್ದರು. ಅದಕ್ಕೆ ನಾನು ಕೊಡಬಲ್ಲ ಮಾತ್ರೆ ಇರಲಿಲ್ಲ. ಒಂದು ತಿಂಗಳು ಸೇರುವ ಪ್ರಯತ್ನವೇ ಬೇಡ, ಜೊತೆಗೆ ಮಲಗಿ, ಮಾತನಾಡಿ ಎಂದಷ್ಟೇ ಹೇಳಿದ್ದೆ. ಎರಡು ತಿಂಗಳು ಹಿಡಿಯಿತು. ನಡುಕ ಹೋಗಲು ಅದಕ್ಕಿಂತ ಹೆಚ್ಚು ಕಾಲ ಬೇಕಾಯಿತು. ನಾಲ್ಕನೆಯ ತಿಂಗಳಲ್ಲಿ ಕೈ ಚಾಚಿಸಿ ನೋಡಿದಾಗ ಹೆಬ್ಬೆರಳು ನಿಶ್ಚಲವಾಗಿತ್ತು.

ಈಗ ಮೂರು ತಿಂಗಳಿಗೊಮ್ಮೆ ಬಿಪಿ ತೋರಿಸಲು ಬರುತ್ತಾರೆ, ಹಾಡಹಗಲಲ್ಲೇ, ಇಬ್ಬರೂ ಒಟ್ಟಿಗೆ. ಔಷಧಿ ಯಾವುದು ತೆಗೆದುಕೊಳ್ಳುತ್ತಿದ್ದೀರಿ ಎಂದು ನಾನು ಕೇಳುವುದಿಲ್ಲ. ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ ಚೀಲದಲ್ಲಿ ತನ್ನಿ ಎನ್ನುತ್ತೇನೆ, ಅವರಿಗೂ, ಉಳಿದವರಿಗೂ. ಕಳೆದ ಸಲ ಆಕೆ ಅಡುಗೆಮನೆಯ ಆ ಡಬ್ಬಿಯನ್ನೇ ತಂದು ಮೇಜಿನ ಮೇಲೆ ಮಗುಚಿದರು: ಒಂದು ಟೆಲ್ಮಿಸಾರ್ಟನ್ ಪಟ್ಟಿ, ಮಗನ ಜ್ವರದ ಮಾತ್ರೆ ಎರಡು, ಒಂದು ಬ್ಯಾಂಡೇಜು ಸುರುಳಿ.